ಐದು ಸುಳಿವು, ಒಂದು ಕಾದಂಬರಿ: ವಾಟ್ಸಾಪ್ ಬಳಗದಲ್ಲಿ ಕಾದಂಬರಿ ಗುರುತಿಸುವ ಆಟ ನಡೆಸುವ ಬಗೆ

ತುಮಕೂರಿನ ನಮ್ಮ ಓದುಗರ ಬಳಗದಲ್ಲಿ ಪ್ರತಿ ಭಾನುವಾರ ರಾತ್ರಿ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಒಂದು ಆಟ ನಡೆಯುತ್ತದೆ. ಹೆಸರು ಹೇಳದೆ ಒಂದು ಕನ್ನಡ ಕಾದಂಬರಿಯ ಬಗ್ಗೆ ಒಂದಾದ ಮೇಲೊಂದರಂತೆ ಐದು ಸುಳಿವುಗಳನ್ನು ಕೊಡಲಾಗುತ್ತದೆ. ಬಳಗದವರು ತಮ್ಮ ತಮ್ಮ ಮನೆಯಲ್ಲಿಯೇ ಕುಳಿತು ಅದು ಯಾವ ಕಾದಂಬರಿಯೆಂದು ಫೋನಿನಲ್ಲಿ ಉತ್ತರ ಕಳುಹಿಸುತ್ತಾರೆ. ಶೆಟ್ಟಿಹಳ್ಳಿಯ ನಿವೃತ್ತ ಶಿಕ್ಷಕಿಯೊಬ್ಬರು, ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವ ನೌಕರರು, ಕ್ಯಾತಸಂದ್ರದ ಇಬ್ಬರು ಕಾಲೇಜು ವಿದ್ಯಾರ್ಥಿಗಳು, ಶಿರಾ ಮತ್ತು ಮಧುಗಿರಿ ಕಡೆಯ ಗೃಹಿಣಿಯರು, ಹೀಗೆ ಸುಮಾರು ನಲವತ್ತು ಮಂದಿ ಇದರಲ್ಲಿ ಇದ್ದಾರೆ. ಇಂಥದೊಂದು ಆಟವನ್ನು ತಮ್ಮ ಊರಿನಲ್ಲಿಯೂ ನಡೆಸಬೇಕೆಂದು ಹಲವರು ಕೇಳಿದ್ದರಿಂದ, ಇದನ್ನು ಮೊದಲಿನಿಂದ ಕಟ್ಟುವ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಆರಂಭಿಸುವ ಮುನ್ನ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇಂದು ಯಾವ ಪ್ರಶ್ನೆಗೂ ಗೂಗಲ್ ಉತ್ತರ ಕೊಡುತ್ತದೆ. ಲೇಖಕರು ಯಾರು, ಯಾವ ವರ್ಷ, ಯಾವ ಪ್ರಶಸ್ತಿ ಎಂದು ಕೇಳುವ ಆಟ ಐದು ನಿಮಿಷದಲ್ಲಿ ಬೆರಳುಗಳ ಓಟವಾಗಿಬಿಡುತ್ತದೆ. ಓದಿದವರಿಗೆ ಮಾತ್ರ ಥಟ್ಟನೆ ಹೊಳೆಯುವಂಥ ಸುಳಿವು ಪುಸ್ತಕದ ಒಳಗಿನಿಂದ ಬರಬೇಕು. ಆಟದ ಉಳಿದ ಎಲ್ಲ ನಿಯಮಗಳೂ ಈ ಒಂದು ಅಗತ್ಯಕ್ಕಾಗಿಯೇ ಇರುವಂಥವು.

ಮೊದಲ ಹೆಜ್ಜೆ: ಕಾದಂಬರಿಗಳ ಪಟ್ಟಿ

ಆಟಕ್ಕೆ ಬರುವವರೆಲ್ಲರೂ ಕೇಳಿಯಾದರೂ ತಿಳಿದಿರಬಹುದಾದ ಸುಮಾರು ಅರವತ್ತು ಕಾದಂಬರಿಗಳ ಪಟ್ಟಿಯೊಂದನ್ನು ಮೊದಲು ಮಾಡಿಕೊಳ್ಳಿ. ಯಾವುದು ಜನಪ್ರಿಯ, ಯಾವುದು ಅಲ್ಲ ಎಂಬ ಚರ್ಚೆಗೆ ಕೊನೆಯಿಲ್ಲ. ಕನ್ನಡದಲ್ಲಿ ಮಾರಾಟದ ನಂಬಲರ್ಹ ಲೆಕ್ಕ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ, ನಾನು ಅನುಸರಿಸುವ ಅಳತೆಗೋಲು ಸರಳವಾದದ್ದು: ಶೀರ್ಷಿಕೆಯ ಪುಟವನ್ನು ಮಗುಚಿ, ಅದರ ಹಿಂಬದಿಯಲ್ಲಿ ಅಚ್ಚಾಗಿರುವ ಮುದ್ರಣಗಳ ವಿವರವನ್ನು ನೋಡುವುದು. ಮೊದಲ ಮುದ್ರಣವಾಗಿ ಇಪ್ಪತ್ತೈದು ವರ್ಷ ಕಳೆದಿದ್ದು, ಅದರ ಕೆಳಗೆ ನಾಲ್ಕೈದು ಮರುಮುದ್ರಣಗಳ ಸಾಲು ಇದ್ದರೆ ಆ ಪುಸ್ತಕವನ್ನು ಕನಿಷ್ಠ ಎರಡು ತಲೆಮಾರು ಕೊಂಡು ಓದಿದೆ ಎಂದು ಧೈರ್ಯವಾಗಿ ಹೇಳಬಹುದು.

ಈ ಅಳತೆಗೋಲನ್ನು ಹಿಡಿದು ಹೊರಟರೆ ಕಾರಂತರ ‘ಚೋಮನ ದುಡಿ’, ‘ಬೆಟ್ಟದ ಜೀವ’, ‘ಮೂಕಜ್ಜಿಯ ಕನಸುಗಳು’, ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಮತ್ತು ‘ಮಲೆಗಳಲ್ಲಿ ಮದುಮಗಳು’, ಭೈರಪ್ಪನವರ ‘ವಂಶವೃಕ್ಷ’, ಅನಂತಮೂರ್ತಿಯವರ ‘ಸಂಸ್ಕಾರ’, ತ.ರಾ.ಸು. ಅವರ ‘ದುರ್ಗಾಸ್ತಮಾನ’, ತೇಜಸ್ವಿಯವರ ‘ಕರ್ವಾಲೋ’ ಮೊದಲಾದವು ತಾವಾಗಿಯೇ ಬಂದು ಸೇರುತ್ತವೆ. ಇಲ್ಲಿಗೆ ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಒಂದು ಕಾಲಕ್ಕೆ ಊರೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ರಟ್ಟು ಕಿತ್ತುಹೋಗುವವರೆಗೆ ಕೈಯಿಂದ ಕೈಗೆ ಹೋದವು ತ್ರಿವೇಣಿ, ವಾಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳು. ‘ಬೆಕ್ಕಿನ ಕಣ್ಣು’, ‘ಶರಪಂಜರ’, ‘ಶುಭಮಂಗಳ’, ‘ಎರಡು ಕನಸು’, ‘ತುಂಗಭದ್ರ’, ‘ಫಣಿಯಮ್ಮ’ ಇಲ್ಲದ ಪಟ್ಟಿಯನ್ನು ಜನಪ್ರಿಯ ಕಾದಂಬರಿಗಳ ಪಟ್ಟಿ ಎಂದು ಕರೆಯುವುದು ನ್ಯಾಯವಲ್ಲ. ನಮ್ಮ ಬಳಗದಲ್ಲಿ ಮೊದಲ ಸುಳಿವಿಗೇ ಉತ್ತರ ಬರುವುದೂ ಹೆಚ್ಚಾಗಿ ಈ ಪುಸ್ತಕಗಳಿಗೆ, ಅದೂ ಅರವತ್ತು ದಾಟಿದ ಅಮ್ಮಂದಿರಿಂದ.

ಪಟ್ಟಿಯಲ್ಲಿ ನಮ್ಮ ಸೀಮೆಗೂ ಜಾಗವಿರಲಿ. ಭೈರಪ್ಪನವರ ‘ಗೃಹಭಂಗ’ದ ಹಿನ್ನೆಲೆ ತಿಪಟೂರು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳದು. ಮಾಸ್ತಿಯವರ ಹೆಸರಿನಲ್ಲಿರುವ ಊರು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನದು. ಅವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ತಂದುಕೊಟ್ಟ ‘ಚಿಕವೀರ ರಾಜೇಂದ್ರ’ ಕೊಡಗಿನ ಕೊನೆಯ ಅರಸನ ಕಥೆ. ನೂರಕ್ಕೂ ಹೆಚ್ಚು ಕಾದಂಬರಿ ಬರೆದ ಅ.ನ.ಕೃ. ಹುಟ್ಟಿದ್ದು ಕೋಲಾರದಲ್ಲಿ. ‘ಶಾಂತಲಾ’ ಮತ್ತು ‘ರೂಪದರ್ಶಿ’ಯನ್ನು ಬರೆದ ಕೆ.ವಿ. ಅಯ್ಯರ್ ಅವರ ಹೆಸರಿನ ಮೊದಲ ಅಕ್ಷರವೇ ಕೋಲಾರ; ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಅಂಗಸಾಧನೆಯ ಗುರುವೆಂದು ಹೆಸರಾಗಿದ್ದ ಅವರ ಕೈಯಿಂದಲೇ ಇಟಲಿಯ ಚಿತ್ರಕಾರನೊಬ್ಬನ ಕಾದಂಬರಿಯೂ ಬಂದಿತು ಎಂಬುದು ಇಂದಿಗೂ ಹಲವರಿಗೆ ಬೆರಗಿನ ಸಂಗತಿ.

ಎರಡನೆಯ ಹೆಜ್ಜೆ: ಬಳಗ ಕೂಡಿಸುವುದು

ಹದಿನೈದರಿಂದ ಐವತ್ತು ಮಂದಿಯವರೆಗೆ ಆಟ ಚೆನ್ನಾಗಿ ನಡೆಯುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಸೇರಿದವರ ಫೋನ್ ನಂಬರು ಉಳಿದ ಸದಸ್ಯರಿಗೆ ಕಾಣಿಸುತ್ತದೆ ಎಂಬುದನ್ನು ಸೇರಿಸುವ ಮುನ್ನವೇ ತಿಳಿಸಿ ಒಪ್ಪಿಗೆ ಪಡೆಯಿರಿ. ಅದಕ್ಕೆ ಹಿಂಜರಿಯುವವರು ಹೆಚ್ಚಿದ್ದರೆ, ನಂಬರು ಮರೆಮಾಡಲು ಅವಕಾಶವಿರುವ ಟೆಲಿಗ್ರಾಂನಲ್ಲಿ ಗುಂಪು ಮಾಡುವುದು ಒಳ್ಳೆಯದು. ದಿನ ಮತ್ತು ಗಂಟೆಯನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಬದಲಿಸಬೇಡಿ.

ಮೂರನೆಯ ಹೆಜ್ಜೆ: ಸುಳಿವುಗಳನ್ನು ಹೆಣೆಯುವುದು

ಆಟದ ಜೀವವಿರುವುದು ಇಲ್ಲಿ. ಒಂದು ಕಾದಂಬರಿಗೆ ಐದು ಸುಳಿವುಗಳನ್ನು ಬರೆಯಲು ನನಗೆ ಈಗಲೂ ಒಂದು ಇಡೀ ಸಂಜೆ ಬೇಕಾಗುತ್ತದೆ. ಮೊದಲು ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಹಿಂದೆಂದೋ ಓದಿದ್ದರ ನೆನಪಿನ ಮೇಲೆ ಸುಳಿವು ಬರೆಯಬಾರದು. ನೆನಪು ಒಂದು ಪುಸ್ತಕದ ಸನ್ನಿವೇಶವನ್ನು ಇನ್ನೊಂದಕ್ಕೆ ಅಂಟಿಸುತ್ತದೆ. ಓದುತ್ತಾ ಹೋದಂತೆ, ಕಥೆಯ ಸಾರಾಂಶದಲ್ಲಿ ಎಂದೂ ಕಾಣಿಸದ, ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವ ಸಣ್ಣ ವಸ್ತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪುಟಸಂಖ್ಯೆಯ ಸಮೇತ ಗುರುತು ಹಾಕಿಕೊಳ್ಳಿ: ಒಂದು ನಾಯಿ, ಒಂದು ಅಡುಗೆ, ಒಬ್ಬರ ಕಸುಬು, ಮನೆಯ ಮೂಲೆಯಲ್ಲಿರುವ ಒಂದು ಸಾಮಾನು, ಒಂದು ಪ್ರಯಾಣ.

ಉದಾಹರಣೆಗೆ ‘ಗೃಹಭಂಗ’ವನ್ನೇ ತೆಗೆದುಕೊಳ್ಳೋಣ. ಅದಕ್ಕೆ ನಾನು ಬರೆದ ಐದು ಸುಳಿವುಗಳು, ಬಳಗಕ್ಕೆ ಹೋದ ಕ್ರಮದಲ್ಲಿಯೇ, ಹೀಗಿದ್ದವು:

ಐದು ಅಂಕ: ಇದರಲ್ಲಿ ಒಬ್ಬ ಹೆಂಗಸು ಮುತ್ತುಗದ ಎಲೆ ಹಚ್ಚಿ ಸಂಸಾರಕ್ಕೆ ಆಸರೆಯಾಗುತ್ತಾಳೆ.
ನಾಲ್ಕು ಅಂಕ: ಊರಿನ ಲೆಕ್ಕದ ಅಧಿಕಾರ ಗಂಡನ ಹೆಸರಿನಲ್ಲಿದೆ, ಲೆಕ್ಕ ಬರೆಯುವ ಕೈ ಹೆಂಡತಿಯದು.
ಮೂರು ಅಂಕ: ಊರಿಗೆ ಪ್ಲೇಗು ಬರುತ್ತದೆ.
ಎರಡು ಅಂಕ: ಕಥೆ ನಡೆಯುವುದು ತಿಪಟೂರು ಸೀಮೆಯಲ್ಲಿ, ಸ್ವಾತಂತ್ರ್ಯ ಬರುವುದಕ್ಕಿಂತ ಮೊದಲು.
ಒಂದು ಅಂಕ: ಶೀರ್ಷಿಕೆಯ ಮೊದಲ ಪದಕ್ಕೆ ಮನೆಯೆಂದೂ ಎರಡನೆಯ ಪದಕ್ಕೆ ಮುರಿಯುವುದೆಂದೂ ಅರ್ಥ.

ಇದರಲ್ಲಿ ಮೊದಲ ಸುಳಿವನ್ನು ಗಮನಿಸಿ. ಅದರಲ್ಲಿ ವ್ಯಕ್ತಿಯ ಹೆಸರಿಲ್ಲ, ಊರಿಲ್ಲ, ಕಾಲವಿಲ್ಲ. ಹುಡುಕಲು ಹೊರಟವರಿಗೆ ಮುತ್ತುಗದ ಮರದ ಔಷಧೀಯ ಗುಣಗಳು ಸಿಗಬಹುದೇ ಹೊರತು ಕಾದಂಬರಿ ಸಿಗುವುದಿಲ್ಲ. ಆದರೆ ನಂಜಮ್ಮನ ಕಷ್ಟವನ್ನು ಓದಿ ಮರುಗಿದವರಿಗೆ ಆ ಎಲೆಯ ಕಟ್ಟು ಕೂಡಲೇ ಕಣ್ಣಮುಂದೆ ಬರುತ್ತದೆ. ಆ ರಾತ್ರಿ ಶೆಟ್ಟಿಹಳ್ಳಿಯ ಶಿಕ್ಷಕಿಯವರಿಂದ ಒಂದು ನಿಮಿಷದೊಳಗೆ ಸರಿಯುತ್ತರ ಬಂದಿತು, ಹಿಂದೆಯೇ ಒಂದು ಧ್ವನಿ ಸಂದೇಶವೂ ಬಂದಿತು. ತಿಪಟೂರಿನ ತಮ್ಮ ತವರುಮನೆಯಲ್ಲಿ ಅಮ್ಮ ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ಕುಳಿತು, ಕಡ್ಡಿಯನ್ನು ಹಲ್ಲಿನಲ್ಲಿ ಸೀಳಿಕೊಂಡು ಎಲೆ ಹಚ್ಚುತ್ತಿದ್ದುದನ್ನು, ಹಚ್ಚಿದ ಎಲೆಗಳ ಮೇಲೆ ಕಲ್ಲು ಹೇರಿ ಮಟ್ಟ ಮಾಡುತ್ತಿದ್ದುದನ್ನು ಅವರು ಹೇಳಿದರು. ಆ ಸಂದೇಶವನ್ನು ಅವರ ಅನುಮತಿ ಪಡೆದು ಬಳಗಕ್ಕೆ ಕಳುಹಿಸಿದೆ. ಎಲೆ ‘ಹಚ್ಚುವುದು’ ಎಂದರೆ ಎಲೆಗಳನ್ನು ಕಡ್ಡಿಯಿಂದ ಸೇರಿಸಿ ಊಟದ ಎಲೆ ಮಾಡುವುದೆಂದು ಕಾಲೇಜು ಹುಡುಗರಿಬ್ಬರಿಗೆ ತಿಳಿದದ್ದು ಅಂದೇ.

ಮೂರನೆಯ ಸುಳಿವು ಬೇರೆ ಕಾರಣಕ್ಕೆ ಇದೆ. ಪ್ಲೇಗು ಎಂದ ಕೂಡಲೇ ಅರ್ಧದಷ್ಟು ಮಂದಿ ‘ಸಂಸ್ಕಾರ’ ಎಂದು ಬರೆಯುತ್ತಾರೆ, ಏಕೆಂದರೆ ಅಲ್ಲಿಯೂ ಪ್ಲೇಗು ಇದೆ. ಹಿಂದಿನ ಎರಡು ಸುಳಿವುಗಳನ್ನು ಇದರೊಂದಿಗೆ ಕೂಡಿಸಿ ಯೋಚಿಸಿದವರು ಮಾತ್ರ ಸರಿಯಾದ ಪುಸ್ತಕಕ್ಕೆ ಬರುತ್ತಾರೆ. ನಡುವಿನ ಸುಳಿವು ಹೀಗೆ ಎರಡು ದಾರಿಗಳನ್ನು ತೋರಿಸುವಂತಿದ್ದರೆ ಆಟಕ್ಕೆ ರುಚಿ ಬರುತ್ತದೆ. ಆದರೆ ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ದಾರಿ ಒಂದೇ ಆಗಬೇಕು. ಇದನ್ನು ಪರೀಕ್ಷಿಸಲು ಒಂದು ಉಪಾಯವಿದೆ: ಐದು ಸುಳಿವುಗಳನ್ನೂ ಬರೆದಾದ ಮೇಲೆ ನಿಮ್ಮ ಅರವತ್ತರ ಪಟ್ಟಿಯನ್ನು ಎದುರಿಗಿಟ್ಟುಕೊಂಡು, ಪ್ರತಿಯೊಂದು ಸುಳಿವಿಗೂ ಎಷ್ಟು ಕಾದಂಬರಿಗಳು ಹೊಂದುತ್ತವೆ ಎಂದು ಎಣಿಸಿ ನೋಡಿ. ‘ಕಥಾನಾಯಕ ಸಂಗೀತಗಾರ’ ಎಂಬ ಸುಳಿವು ಅ.ನ.ಕೃ. ಅವರ ‘ಸಂಧ್ಯಾರಾಗ’ಕ್ಕೂ ತ.ರಾ.ಸು. ಅವರ ‘ಹಂಸಗೀತೆ’ಗೂ ಭೈರಪ್ಪನವರ ‘ಮಂದ್ರ’ಕ್ಕೂ ಹೊಂದುತ್ತದೆ. ಮೊದಲ ಸುಳಿವಾಗಿ ಅದು ಉತ್ತಮ. ಕೊನೆಯ ಸುಳಿವಾಗಿ ಜಗಳಕ್ಕೆ ಮೂಲ.

‘ಕರ್ವಾಲೋ’ಗೆ ಸುಳಿವು ಹೆಣೆಯುವಾಗ ಇನ್ನೊಂದು ಪಾಠ ಸಿಕ್ಕಿತು. ಹಾರುವ ಓತಿಯ ಹೆಸರೆತ್ತಿದರೆ ಓದದವರೂ ಉತ್ತರ ಹೇಳಿಬಿಡುತ್ತಾರೆ, ಅಷ್ಟು ಪ್ರಸಿದ್ಧವಾದದ್ದು ಅದು. ಆದ್ದರಿಂದ ಅದನ್ನು ಕೊನೆಗೆ ಉಳಿಸಿಕೊಂಡು, ಜೇನುತುಪ್ಪ ಕೊಳ್ಳಲು ಹೋದಲ್ಲಿ ಕಥೆ ಆರಂಭವಾಗುತ್ತದೆ ಎಂಬುದನ್ನು ಮೊದಲ ಸುಳಿವಾಗಿಟ್ಟೆ. ನಿರೂಪಕರ ನಾಯಿಯ ಹೆಸರು ನಮ್ಮ ದೇಹದ ಒಂದು ಅಂಗದ ಹೆಸರೇ ಎಂಬುದು ಎರಡನೆಯದು. ತಂಡದಲ್ಲಿರುವ ಒಬ್ಬನ ಹೆಸರಿನ ಹಿಂದೆ ಒಂದು ಊಟದ ಹೆಸರು ಅಂಟಿಕೊಂಡಿದೆ ಎಂಬುದು ಮೂರನೆಯದು. ಪ್ರಸಿದ್ಧವಾದದ್ದು ಯಾವಾಗಲೂ ಕೊನೆಗೆ ಬರಲಿ. ಚಿಕವೀರ ರಾಜೇಂದ್ರನ ಕಥೆಗೆ ಅರಸನಿಂದ ಆರಂಭಿಸದೆ ಅವನ ಜೊತೆಗಿರುವ ಕುಂಟ ಬಸವನಿಂದ ಆರಂಭಿಸಿ, ‘ಬೆಟ್ಟದ ಜೀವ’ಕ್ಕೆ ಗೋಪಾಲಯ್ಯನವರಿಂದಲ್ಲ, ಕಾಡಿನ ನಡುವೆ ಕತ್ತಲಲ್ಲಿ ದಾರಿ ತಪ್ಪಿದ ಪಯಣಿಗನಿಂದ ಆರಂಭಿಸಿ.

ಸುಳಿವಿನಲ್ಲಿ ಬರಬಾರದ ಸಂಗತಿಗಳೂ ಕೆಲವಿವೆ. ಮೊದಲನೆಯದು, ಪಾತ್ರಗಳ ಜಾತಿ. ನಮ್ಮ ಹಳೆಯ ಕಾದಂಬರಿಗಳಲ್ಲಿ ಜಾತಿಯ ಸಂಕಟವೇ ಕಥೆಯ ತಿರುಳಾಗಿರುವುದು ಹಲವು ಕಡೆ ಉಂಟು. ಆದರೆ ‘ಇಂಥ ಜಾತಿಯವನ ಕಥೆ’ ಎಂದು ಒಂದು ಸಾಲಿನ ಸುಳಿವು ಬರೆದರೆ ಮನುಷ್ಯನೊಬ್ಬ ಒಂದು ಹಣೆಪಟ್ಟಿಯಾಗಿಬಿಡುತ್ತಾನೆ. ಚೋಮನನ್ನು ಗುರುತಿಸಲು ಅವನ ಹಣೆಪಟ್ಟಿ ಬೇಕಾಗಿಲ್ಲ. ತನ್ನದೇ ಒಂದು ತುಂಡು ನೆಲವನ್ನು ಉಳಬೇಕೆಂಬ ಅವನ ಆಸೆ ಸಾಕು. ಎರಡನೆಯದು, ಕಥೆಯ ಕೊನೆ. ‘ರೂಪದರ್ಶಿ’ಯ ಸುಳಿವು ಬರೆಯುವಾಗ, ಚಿತ್ರಕಾರ ತನ್ನ ಚಿತ್ರಗಳಿಗೆ ಮುಖಗಳನ್ನು ಹುಡುಕುತ್ತಾನೆ ಎಂಬಲ್ಲಿಗೆ ನಿಲ್ಲಬೇಕು. ಅದರ ಕೊನೆಯ ತಿರುವನ್ನು ನಾನು ಇಲ್ಲಿಯೂ ಬರೆಯಲಾರೆ; ಇನ್ನೂ ಓದದವರಿಗೆ ಅದು ಹಾಗೆಯೇ ಸಿಗಬೇಕು. ಮೂರನೆಯದು, ಪ್ರಕಟಣೆಯ ವರ್ಷ. ಒಂದೇ ಕಾದಂಬರಿಗೆ ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷ ನಮೂದಾಗಿರುವುದುಂಟು. ವರ್ಷ ಬೇಕೇಬೇಕಾದರೆ ಪುಸ್ತಕದಲ್ಲಿಯೇ ಅಚ್ಚಾದ ಮೊದಲ ಮುದ್ರಣದ ವರ್ಷವನ್ನು ಕೊಡಿ, ಉತ್ತರವನ್ನು ಅದೊಂದರ ಮೇಲೆಯೇ ನಿಲ್ಲಿಸಬೇಡಿ.

ನಾಲ್ಕನೆಯ ಹೆಜ್ಜೆ: ಸಿನಿಮಾವನ್ನು ಬೇರ್ಪಡಿಸುವುದು

ಕನ್ನಡದಲ್ಲಿ ಈ ಆಟ ಆಡಿಸುವವರಿಗೆ ಎದುರಾಗುವ ದೊಡ್ಡ ತೊಡಕು ಇದು. ಜನಪ್ರಿಯ ಕಾದಂಬರಿಗಳಲ್ಲಿ ಹೆಚ್ಚಿನವು ಚಲನಚಿತ್ರಗಳಾಗಿವೆ. ತ್ರಿವೇಣಿಯವರ ‘ಬೆಳ್ಳಿಮೋಡ’ ಮತ್ತು ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದರು, ‘ವಂಶವೃಕ್ಷ’ವನ್ನು ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡ್ ಒಟ್ಟಿಗೆ ನಿರ್ದೇಶಿಸಿದರು. ‘ಫಣಿಯಮ್ಮ’ ಪ್ರೇಮಾ ಕಾರಂತರ ಚಿತ್ರವಾಯಿತು. ಜನರ ನೆನಪಿನಲ್ಲಿ ಪುಸ್ತಕವೂ ಚಿತ್ರವೂ ಬೆರೆತುಹೋಗಿವೆ. ಸುಳಿವು ಬರೆಯುವವರ ನೆನಪಿನಲ್ಲಿಯೂ ಹಾಗೆಯೇ.

ಇದರ ಏಟು ಮೊದಲು ಬಿದ್ದದ್ದು ನನಗೇ. ಆರಂಭದ ದಿನಗಳಲ್ಲಿ ತ.ರಾ.ಸು. ಅವರ ‘ನಾಗರಹಾವು’ ಕಾದಂಬರಿಗೆ ಸುಳಿವು ಬರೆದಾಗ ಪುಸ್ತಕವನ್ನು ಮತ್ತೆ ತೆರೆಯದೆ, ಹತ್ತಾರು ಸಲ ನೋಡಿದ ಚಿತ್ರವನ್ನೇ ನಂಬಿಕೊಂಡೆ. 1972ರ ಆ ಚಿತ್ರ ಒಂದು ಕಾದಂಬರಿಯದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ್ದು. ಮೂರನ್ನೂ ಓದಿದ್ದ ಹಿರಿಯರೊಬ್ಬರು, “ನೀವು ಕೊಟ್ಟ ಮೂರನೆಯ ಸುಳಿವು ಈ ಪುಸ್ತಕದ ಯಾವ ಪುಟದಲ್ಲಿದೆ, ದಯವಿಟ್ಟು ತೋರಿಸಿ” ಎಂದು ಬರೆದರು. ತೋರಿಸಲು ನನ್ನಿಂದಾಗಲಿಲ್ಲ. ಆ ಕಾದಂಬರಿಯ ಅಂಕಗಳನ್ನೆಲ್ಲ ರದ್ದುಮಾಡಿ, ಬಳಗದ ಕ್ಷಮೆ ಕೇಳಿದೆ. ಪುಟಸಂಖ್ಯೆ ಬರೆದಿಟ್ಟುಕೊಳ್ಳದ ಸುಳಿವನ್ನು ಕಳುಹಿಸಬಾರದು ಎಂಬ ನಿಯಮ ಹುಟ್ಟಿದ್ದು ಅಂದಿನಿಂದ.

ಹಾಗೆಂದು ಸಿನಿಮಾವನ್ನು ಪೂರ್ತಿ ಹೊರಗಿಡುವುದೂ ಬೇಡ. ಚಿತ್ರದ ಸುಳಿವನ್ನು ಕೊಡುವುದಾದರೆ ಅದು ಐದನೆಯದಾಗಿ, ಒಂದು ಅಂಕಕ್ಕೆ ಇರಲಿ, ಮತ್ತು ‘ಇದು ಚಿತ್ರಕ್ಕೆ ಸಂಬಂಧಿಸಿದ್ದು’ ಎಂದು ಅಲ್ಲಿಯೇ ತಿಳಿಸಿರಿ.

ಐದನೆಯ ಹೆಜ್ಜೆ: ಆಟದ ರಾತ್ರಿ

ಒಂದು ರಾತ್ರಿಗೆ ಮೂರು ಕಾದಂಬರಿಗಳು ಸಾಕು. ಸುಳಿವಿನಿಂದ ಸುಳಿವಿಗೆ ಮೂರು ನಿಮಿಷದ ಬಿಡುವು ಕೊಟ್ಟರೆ ಒಂದು ಕಾದಂಬರಿಗೆ ಹದಿನೈದು ನಿಮಿಷ, ಉತ್ತರ ತಿಳಿದ ಮೇಲೆ ಮಾತುಕತೆಗೆ ಐದು ನಿಮಿಷ. ಒಟ್ಟು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಮೊದಲು ಎರಡು ನಿಮಿಷದ ಬಿಡುವು ಇಟ್ಟಿದ್ದೆವು. ಕನ್ನಡದಲ್ಲಿ ನಿಧಾನವಾಗಿ ಟೈಪ್ ಮಾಡುವ ಹಿರಿಯರಿಗೆ ಅದು ಸಾಲದಾಯಿತು.

ಸುಳಿವುಗಳನ್ನೆಲ್ಲ ಮುಂಚೆಯೇ ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡು, ಸಮಯಕ್ಕೆ ಸರಿಯಾಗಿ ಕಾಪಿ ಮಾಡಿ ಗುಂಪಿಗೆ ಹಾಕಿ. ಆಟ ನಡೆಯುವಷ್ಟು ಹೊತ್ತು ಗುಂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜು ಕಳುಹಿಸುವಂತೆ ಮಾಡಿಡಿ. ಇಲ್ಲವಾದರೆ ಯಾರೋ ಒಬ್ಬರ ‘ಶುಭರಾತ್ರಿ’ಯ ಚಿತ್ರಗಳ ನಡುವೆ ಸುಳಿವು ಮುಳುಗಿಹೋಗುತ್ತದೆ. ಉತ್ತರಗಳು ಗುಂಪಿಗೆ ಬರದೆ, ನಡೆಸುವವರ ಖಾಸಗಿ ನಂಬರಿಗೆ ಬರಬೇಕು. ಈ ಒಂದು ಬದಲಾವಣೆಯಿಂದ ನಮ್ಮ ಆಟದ ಸ್ವರೂಪವೇ ಬೇರೆಯಾಯಿತು. ಗುಂಪಿನಲ್ಲಿಯೇ ಉತ್ತರ ಬರೆಯುವ ಪದ್ಧತಿಯಲ್ಲಿ, ಚುರುಕಾದ ಒಬ್ಬರು ಮೊದಲ ಸುಳಿವಿಗೆ ಉತ್ತರ ಹೇಳಿದರೆ ಉಳಿದ ಮೂವತ್ತೊಂಬತ್ತು ಮಂದಿಯ ಆಟ ಅಲ್ಲಿಗೇ ಮುಗಿಯುತ್ತಿತ್ತು. ಖಾಸಗಿಯಾಗಿ ಉತ್ತರಿಸುವಾಗ ಐದನೆಯ ಸುಳಿವಿನವರೆಗೂ ಪ್ರತಿಯೊಬ್ಬರಿಗೂ ಅವಕಾಶವಿರುತ್ತದೆ, ತಪ್ಪು ಹೇಳಿದರೆ ನಾಲ್ಕು ಜನರೆದುರು ಸಂಕೋಚವೂ ಇರುವುದಿಲ್ಲ. ಎಂದೂ ಬಾಯಿಬಿಡದ ಶಿರಾದ ಒಬ್ಬ ಗೃಹಿಣಿ ಈ ಕ್ರಮ ಬಂದ ಎರಡನೆಯ ವಾರವೇ ಗೆದ್ದರು.

ಉತ್ತರಗಳು ಒಟ್ಟಿಗೆ ಬಂದು ಬೀಳುವಾಗ ಒಬ್ಬರೇ ನಿಭಾಯಿಸುವುದು ಕಷ್ಟ. ಒಬ್ಬರು ಸುಳಿವು ಹಾಕುವುದಕ್ಕೂ ಇನ್ನೊಬ್ಬರು ಉತ್ತರಗಳನ್ನು ನೋಡಿ ಅಂಕ ಬರೆಯುವುದಕ್ಕೂ ಕುಳಿತರೆ ಅನುಕೂಲ. ಅಂಕಪಟ್ಟಿಗೆ ಗೂಗಲ್ ಶೀಟ್ ಇದ್ದರೆ ಚೆನ್ನ, ಗೆರೆ ಎಳೆದ ಕಾಗದವೂ ಸಾಕು.

ಆರನೆಯ ಹೆಜ್ಜೆ: ಅಂಕ ಮತ್ತು ತಕರಾರು

ಮೊದಲ ಸುಳಿವಿಗೆ ಸರಿಯುತ್ತರ ಕೊಟ್ಟವರಿಗೆ ಐದು, ಎರಡನೆಯದಕ್ಕೆ ನಾಲ್ಕು, ಹೀಗೆ ಇಳಿಯುತ್ತಾ ಕೊನೆಯದಕ್ಕೆ ಒಂದು ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯಬೇಡಿ; ಬದಲಾಗಿ ಒಂದು ಕಾದಂಬರಿಗೆ ಒಬ್ಬರು ಮೂರೇ ಸಲ ಉತ್ತರಿಸಬಹುದು ಎಂದು ಮಿತಿಯಿಡಿ. ಆಗ ಸುಮ್ಮನೆ ಒಂದಾದ ಮೇಲೊಂದು ಹೆಸರು ಎಸೆಯುವುದು ತಪ್ಪುತ್ತದೆ, ಧೈರ್ಯ ಮಾಡಿ ಊಹಿಸುವವರಿಗೂ ಹೆದರಿಕೆಯಿರುವುದಿಲ್ಲ.

ಉತ್ತರದ ಕಾಗುಣಿತದಲ್ಲಿ ಉದಾರವಾಗಿರಿ. ‘ಹೆಗ್ಗಡಿತಿ’ ಎಂದು ಬರೆದರೂ ‘ಹೆಗ್ಗಡತಿ’ ಎಂದು ಬರೆದರೂ, ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆದರೂ, ‘ಮದುಮಗಳು’ ಎಂದಷ್ಟೇ ಬರೆದರೂ ಒಪ್ಪಿಕೊಳ್ಳಬಹುದು. ಆದರೆ ಲೇಖಕರ ಹೆಸರನ್ನಷ್ಟೇ ಬರೆದರೆ ಅಂಕವಿಲ್ಲ. ಇನ್ನು ಸಮಯದ ತಕರಾರು: ನೆಟ್‌ವರ್ಕ್ ಕುಂಟುವ ಹಳ್ಳಿಗಳಿಂದ ಕಳುಹಿಸಿದ ಮೆಸೇಜು ತಡವಾಗಿ ಬರುತ್ತದೆ. ಮುಂದಿನ ಸುಳಿವು ಹೋಗುವ ಮುನ್ನ ನಡೆಸುವವರ ಫೋನಿಗೆ ಬಂದದ್ದು ಮಾತ್ರ ಲೆಕ್ಕ ಎಂಬ ನಿಯಮ ಬಿಗಿಯಾಗಿ ಕಂಡರೂ ಅದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಆದ್ದರಿಂದಲೇ ಬಿಡುವು ಮೂರು ನಿಮಿಷವಿರಬೇಕು ಎಂದು ಹೇಳಿದ್ದು. ವಾಟ್ಸಾಪ್‌ನಲ್ಲಿ ಕಳುಹಿಸಿದ ಮೆಸೇಜನ್ನು ಹದಿನೈದು ನಿಮಿಷದವರೆಗೆ ತಿದ್ದಬಹುದು, ತಿದ್ದಿದ ಗುರುತು ಅದರ ಪಕ್ಕದಲ್ಲಿ ಕಾಣುತ್ತದೆ. ತಿದ್ದಿದ ಉತ್ತರಕ್ಕೆ ಅಂಕವಿಲ್ಲವೆಂದು ಮೊದಲೇ ಹೇಳಿಡಿ.

ಲೇಖಕರ ಸಿದ್ಧಾಂತಗಳ ಬಗ್ಗೆ ವಾಗ್ವಾದ ಎದ್ದರೆ ಅದನ್ನು ಅಲ್ಲಿಯೇ ಬೆಳೆಯಗೊಡದೆ, ಇನ್ನೊಂದು ದಿನದ ಮಾತು ಎಂದು ವಿನಯದಿಂದ ಮುಂದೂಡಿ. ಭೈರಪ್ಪ ಮತ್ತು ಅನಂತಮೂರ್ತಿ ಇಬ್ಬರ ಅಭಿಮಾನಿಗಳೂ ಇರುವ ಬಳಗದಲ್ಲಿ ಇದು ಒಂದಲ್ಲ ಒಂದು ರಾತ್ರಿ ಬಂದೇ ಬರುತ್ತದೆ.

ಏಳನೆಯ ಹೆಜ್ಜೆ: ಹೌದು–ಅಲ್ಲ ಸುತ್ತು

ತಿಂಗಳಿಗೊಮ್ಮೆ ಆಟವನ್ನು ತಿರುಗಿಸಿ ಆಡುವುದು ಒಳ್ಳೆಯದು. ನಡೆಸುವವರು ಒಂದು ಕಾದಂಬರಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಬಳಗದವರು ಸರದಿಯ ಮೇಲೆ ಪ್ರಶ್ನೆ ಕೇಳುತ್ತಾರೆ. ಉತ್ತರ ‘ಹೌದು’ ಅಥವಾ ‘ಅಲ್ಲ’ ಎಂದಷ್ಟೇ ಇರುತ್ತದೆ. ಇದರಲ್ಲಿ ಒಂದು ಲೆಕ್ಕ ಅಡಗಿದೆ. ಉಳಿದಿರುವ ಪಟ್ಟಿಯನ್ನು ಸರಿಯಾಗಿ ಅರ್ಧಕ್ಕೆ ಸೀಳುವ ಪ್ರಶ್ನೆ ಕೇಳಿದರೆ, ಐದು ಪ್ರಶ್ನೆಗಳಲ್ಲಿ 32 ಕಾದಂಬರಿಗಳಿಂದಲೂ ಆರು ಪ್ರಶ್ನೆಗಳಲ್ಲಿ 64 ಕಾದಂಬರಿಗಳಿಂದಲೂ ಒಂದನ್ನು ಹಿಡಿಯಬಹುದು. ಅರವತ್ತರ ಪಟ್ಟಿಗೆ ಹತ್ತು ಪ್ರಶ್ನೆಗಳ ಮಿತಿ ಧಾರಾಳವೇ ಸರಿ.

ಹೊಸಬರು ಸಾಮಾನ್ಯವಾಗಿ “ಇದು ಕುವೆಂಪು ಅವರದೇ?” ಎಂದು ಆರಂಭಿಸುತ್ತಾರೆ. ‘ಅಲ್ಲ’ ಎಂಬ ಉತ್ತರ ಬಂದರೆ ಪಟ್ಟಿಯಿಂದ ಎರಡೇ ಪುಸ್ತಕಗಳು ಹೋದವು. “ಬರೆದವರು ಮಹಿಳೆಯೇ?”, “ಕಥೆ ನಡೆಯುವುದು ಮಲೆನಾಡಿನಲ್ಲಿಯೇ?”, “ಶೀರ್ಷಿಕೆಯಲ್ಲಿ ವ್ಯಕ್ತಿಯ ಹೆಸರಿದೆಯೇ?”, “ಚಲನಚಿತ್ರವಾಗಿದೆಯೇ?”, “ಸ್ವಾತಂತ್ರ್ಯಕ್ಕೆ ಮೊದಲು ಪ್ರಕಟವಾದದ್ದೇ?” ಎಂಬಂಥ ಪ್ರಶ್ನೆಗಳು ಹೆಚ್ಚು ಕೆಲಸ ಮಾಡುತ್ತವೆ. ಎರಡು ಸುತ್ತು ಆಡಿದ ಮೇಲೆ ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ.

ಉಳಿದ ಸುತ್ತುಗಳು ಸುಲಭವಾದವು. ಬೆಕ್ಕು ಮತ್ತು ಕಣ್ಣಿನ ಎಮೋಜಿ ಹಾಕಿದರೆ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’. ಕಾವ್ಯನಾಮಗಳ ಸುತ್ತನ್ನೂ ಇಡಬಹುದು: ಅನಸೂಯಾ ಶಂಕರ್ ಎಂದರೆ ತ್ರಿವೇಣಿ, ಕುಳಕುಂದ ಶಿವರಾಯ ಎಂದರೆ ನಿರಂಜನ, ಸುಬ್ರಹ್ಮಣ್ಯರಾಜೇ ಅರಸು ಎಂದರೆ ಚದುರಂಗ. ಇವು ಹುಡುಕಿದರೆ ಸಿಗುವ ಉತ್ತರಗಳಾದ್ದರಿಂದ ಅಂಕವಿಲ್ಲದೆ, ಜನ ಸೇರುವ ಮೊದಲ ಐದು ನಿಮಿಷಕ್ಕೆ ಇಟ್ಟುಕೊಳ್ಳಿ. ವಾಟ್ಸಾಪ್ ಪೋಲ್ ಅನ್ನು ಈ ಆಟಕ್ಕೆ ನಾನು ಬಳಸುವುದಿಲ್ಲ. ಮತ ಬೀಳುತ್ತಿರುವುದು ಆಗಲೇ ಕಾಣುವುದರಿಂದ ಹಿಂದೆ ಬಂದವರು ಹೆಚ್ಚು ಮತ ಬಿದ್ದ ಕಡೆಗೆ ವಾಲುತ್ತಾರೆ.

ಕೊನೆಯ ಹೆಜ್ಜೆ: ಮರುದಿನದ ಕೆಲಸ

ಸೋಮವಾರ ಬೆಳಿಗ್ಗೆ, ಹಿಂದಿನ ರಾತ್ರಿಯ ಮೂರೂ ಕಾದಂಬರಿಗಳ ಹೆಸರು, ಪ್ರತಿಯೊಂದು ಸುಳಿವು ಇರುವ ಪುಟ, ನೀವು ಬಳಸಿದ ಮುದ್ರಣ ಯಾವುದು ಎಂಬ ವಿವರವನ್ನು ಗುಂಪಿಗೆ ಹಾಕಿ. ಆಡಿಸಿದ ಕಾದಂಬರಿಗಳನ್ನು ದಿನಾಂಕದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕು ತಿಂಗಳಾದರೂ ಅವು ಮತ್ತೆ ಬರಬಾರದು.

ಈ ಹೊತ್ತಿಗೆ ಯಾರಾದರೂ ಪುಸ್ತಕದ ಪಿಡಿಎಫ್ ಹಾಕುವ ಸಾಧ್ಯತೆಯಿದೆ. ಅದನ್ನು ಮೃದುವಾಗಿ ತಡೆಯಿರಿ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷದ ನಂತರ ಅರವತ್ತು ವರ್ಷ ಕೃತಿಯ ಹಕ್ಕು ಅವರ ವಾರಸುದಾರರಲ್ಲಿರುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕೃತಿಗಳ ಅವಧಿ 2023ರ ಕೊನೆಗೆ ಮುಗಿದಿದೆ; 1994ರಲ್ಲಿ ಅಗಲಿದ ಕುವೆಂಪು ಅವರದು 2054ರವರೆಗೆ, 1997ರಲ್ಲಿ ಅಗಲಿದ ಕಾರಂತರದು 2057ರವರೆಗೆ ಇದೆ. ಹಕ್ಕಿನ ಮಾತು ಹಾಗಿರಲಿ, ಅಂಗಡಿಯಲ್ಲಿ ಇಂದಿಗೂ ಕೈಗೆಟುಕುವ ಬೆಲೆಗೆ ಸಿಗುವ ಪುಸ್ತಕಗಳಿವು.

ಪಿಡಿಎಫ್ ಬದಲು ನಮ್ಮ ಬಳಗದಲ್ಲಿ ಮೂಲ ಪ್ರತಿಗಳೇ ಓಡಾಡುತ್ತವೆ. ಯಾರ ಮನೆಯಲ್ಲಿ ಯಾವ ಪುಸ್ತಕವಿದೆ ಎಂಬ ಪಟ್ಟಿಯನ್ನು ಮಾಡಿಟ್ಟಿದ್ದೇವೆ. ಬೇಕಾದವರು ಕೇಳುತ್ತಾರೆ, ಆ ಕಡೆಗೆ ಹೋಗುವವರು ಒಯ್ದು ಕೊಡುತ್ತಾರೆ. ರಕ್ಷಾಪುಟದ ಒಳಬದಿಗೆ ಒಂದು ಚೀಟಿ ಅಂಟಿಸಿ, ಓದಿದವರು ಊರಿನ ಹೆಸರನ್ನೂ ಓದಿ ಮುಗಿಸಿದ ತಿಂಗಳನ್ನೂ ಬರೆಯುವ ರೂಢಿಯಿದೆ. ಮುತ್ತುಗದ ಎಲೆಯ ಸುಳಿವು ಕೊಟ್ಟ ರಾತ್ರಿ ಐದನೆಯ ಸುಳಿವಿಗೂ ಉತ್ತರ ಹೊಳೆಯದ ಮಧುಗಿರಿಯ ಸದಸ್ಯೆಯೊಬ್ಬರು ಮರುದಿನವೇ ನನ್ನ ‘ಗೃಹಭಂಗ’ವನ್ನು ತರಿಸಿಕೊಂಡರು. ಪುಸ್ತಕ ಈಗಲೂ ಅಲ್ಲಿಯೇ ಇದೆ. ತಾವು ಓದಿ ಮುಗಿಸಿದ ಮೇಲೆ ಅತ್ತೆಯವರು ಕೇಳಿದರೆಂದೂ, ಕಣ್ಣು ಮಂಜಾಗಿರುವುದರಿಂದ ದಿನಕ್ಕೊಂದು ಅಧ್ಯಾಯದಂತೆ ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆಂದೂ, ಇನ್ನು ಸ್ವಲ್ಪ ದಿನ ಬೇಕಾಗುತ್ತದೆಂದೂ ಮೊನ್ನೆ ತಿಳಿಸಿದರು.